ಹೊತ್ತು ಮುಳುಗಿಸಿದ ಧನ್ಯಕುಮಾರ

ಖಾನಾಪುರದ ಸ್ಟೇಶನ್ ಹಾದಿಯಲ್ಲಿ ಅವಧೂತರಾಯರ ಕಟ್ಟಿಗೆಯ ವಖಾರವಿತ್ತು. ಆ ವಖಾರದ ಕಚೇರಿಯಲ್ಲಿ ಧನ್ಯಕುಮಾರ ಹಂಜಿ ಎಂಬ ಕಾರಕೂನನಿದ್ದ. ಅವನಿಗೆ ದೇಶಕ್ಕೆ ಸ್ವರಾಜ್ಯ ಬೇಕಾಗಿತ್ತು, ತನಗೆ ಬಡ್ತಿ ಬೇಕಾಗಿತ್ತು. ಆದರೆ ಇವೆರಡಕ್ಕೂ ಮೊದಲು ಸಂಜೆಯ ಊಟ ಬೇಕಾಗಿತ್ತು.

ಜೈನರ ಮನೆಯಲ್ಲಿ ರಾತ್ರಿಗೆ ಊಟವಿಲ್ಲ. ಸೂರ್ಯ ಮುಳುಗುವುದರೊಳಗೆ ಉಂಡು ಬಾಯಿ ಮುಕ್ಕಳಿಸಿದರೆ ಉಂಡ ಹಾಗೆ; ಇಲ್ಲವಾದರೆ ಮರುದಿನ ಸೂರ್ಯ ಹುಟ್ಟುವವರೆಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗಬೇಕು. ದೀಪಕ್ಕೆ ಮುತ್ತುವ ಹುಳ ಅನ್ನದಲ್ಲಿ ಬಿದ್ದು ಸತ್ತಾವೆಂದು ಹಿರಿಯರು ಹಾಕಿಕೊಟ್ಟ ನೇಮ. ಉಳಿದ ತಿಂಗಳುಗಳಲ್ಲಿ ಧನ್ಯಕುಮಾರ ವಖಾರಕ್ಕೇ ಡಬ್ಬಿ ಒಯ್ದು ಹಗಲಿರುವಾಗಲೇ ಒಂದು ಮೂಲೆಯಲ್ಲಿ ಕೂತು ಉಂಡುಬಿಡುತ್ತಿದ್ದ. ಈ ಸಲ ಚಾತುರ್ಮಾಸ ಬರುತ್ತಲೇ ಅವನ ತಾಯಿ ಸುಂದರಾಬಾಯಿ, ಮನೆಯ ಹೊರಗೆ ತುತ್ತು ಎತ್ತಬಾರದೆಂದು ಮಗನ ಕೈಯಲ್ಲಿ ಇನ್ನೊಂದು ನೇಮ ಹಿಡಿಸಿದರು. ಡಬ್ಬಿ ಅಟ್ಟ ಸೇರಿತು.

ನೇಮದ ಮೇಲೆ ಧನ್ಯಕುಮಾರನಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದುದು ವಖಾರದ ಪದ್ಧತಿಯ ಮೇಲೆ. ಅಲ್ಲಿ ದಿನದ ಕೆಲಸ ಮುಗಿಯುವುದು ದೀಪ ಬಂದಾಗ. ಅಕ್ಷರ ಕಾಣದಷ್ಟು ಕತ್ತಲಾದ ಮೇಲೆ ಹೆಡ್ ಕಾರಕೂನ ದಿಗಂಬರಪಂತರು ಕೂಗಬೇಕು. ಕಸ ಹೊಡೆಯುವ ಸಂಗವ್ವ ಕಂದೀಲು ಹಚ್ಚಿ ತಂದು ಮೊಳೆಗೆ ತೂಗುಹಾಕಬೇಕು. ಎಲ್ಲರೂ ಎದ್ದು ದೀಪಕ್ಕೆ ಕೈಮುಗಿದು, ಒಬ್ಬರಿಗೊಬ್ಬರು "ರಾಮ ರಾಮ" ಎಂದು ಹೇಳಿ ಚಪ್ಪಲಿ ಮೆಟ್ಟಬೇಕು. ಇದು ದಣಿ ಅವಧೂತರಾಯರ ಅಜ್ಜನ ಕಾಲದಿಂದ ಬಂದದ್ದು. ಅವರ ಮನೆತನದವರು ಯಾರ ಮನೆಯಲ್ಲಿ, ಎಂಥ ಮಾತಿನ ನಡುವೆ ಕೂತಿದ್ದರೂ ದೀಪ ಬಂದೊಡನೆ ಎದ್ದು ಕೈಮುಗಿದು ಹೊರಟುಬಿಡುವರು. ದೀಪ ಬಂದ ಮೇಲೂ ಕೂತವನಿಗೆ ಲಕ್ಷ್ಮಿ ಒಲಿಯುವುದಿಲ್ಲ. ದೀಪ ಬರುವ ಮೊದಲೇ ಎದ್ದವನಿಗೆ ದಿಗಂಬರಪಂತರು ಒಲಿಯುವುದಿಲ್ಲ.

ಹಾಗೆಂದು ಸಂಜೆಯವರೆಗೆ ಅಲ್ಲಿ ಬಿಡುವಿಲ್ಲದ ಕೆಲಸವಿತ್ತೆಂದು ಯಾರೂ ತಿಳಿಯಬಾರದು. ಮಧ್ಯಾಹ್ನದ ಚಹಾ ಆದ ಮೇಲೆ ಎಲೆ ಅಡಿಕೆ, ಎಲೆ ಅಡಿಕೆ ಆದ ಮೇಲೆ ಪಂತರು ಪಂಢರಪುರಕ್ಕೆ ಹೋದ ಕಥೆ, ಅದಾದ ಮೇಲೆ ಅವರು ಅಲ್ಲಿಂದ ಹೊಳ್ಳಿ ಬಂದ ಕಥೆ. ಆಮೇಲೆ ದೀಪದ ದಾರಿ ಕಾಯುವುದು.

ಮೊದಲ ವಾರ ಉಪವಾಸ ಮಲಗಿದ ಮೇಲೆ ಧನ್ಯಕುಮಾರ ಧೈರ್ಯ ಮಾಡಿದ. ಕಚೇರಿಯ ಗೋಡೆಗೆ ಒಂದು ಗಡಿಯಾರವಿತ್ತು. ದಸರೆಗೆ ಅದಕ್ಕೆ ಹಾರ ಹಾಕುತ್ತಿದ್ದರು, ಕುಂಕುಮ ಹಚ್ಚುತ್ತಿದ್ದರು. ಕೀಲಿ ಮಾತ್ರ ಕೊಡುತ್ತಿರಲಿಲ್ಲ.

"ಪಂತರ, ಒಂದು ಅರಿಕಿ ಐತ್ರಿ. ಈ ಗಡಿಯಾರಕ್ಕ ಕೀಲಿ ಕೊಟ್ಟು, ಐದು ಹೊಡದ ಕೂಡಲೇ ನಾವು ಎದ್ರ ಹ್ಯಾಂಗ್ರಿ?"

ಪಂತರು ಬಾಯಿಯಲ್ಲಿದ್ದ ಎಲೆಯನ್ನು ಬಲಗೆನ್ನೆಯಿಂದ ಎಡಗೆನ್ನೆಗೆ ಸಾಗಿಸಿದರು. "ಕೀಲಿ ಕೊಟ್ರ ಗಡಿಯಾರ ಸವೀತದ."

"ನಡೀಲಿಕ್ಕಂತಾನ ಅದನ್ನ ಮಾಡ್ಯಾರಲ್ರಿ?"

"ನೋಡೋ ಧನ್ಯಾ, ಈ ಗಡಿಯಾರ ಗೋಡಿಗೆ ಬಂದು ನನ್ನ ಮಗಳ ಲಗ್ನಾಗಿ ಆದಷ್ಟು ವರ್ಷಾತು. ಒಂದು ದಿನರೆ ತಪ್ಪು ಹೊತ್ತು ತೋರಿಸೇದೇನು? ನಡದಿದ್ರ ಖರೇ ತಪ್ಪತಿತ್ತು. ನನ್ನ ಕೇಳಬ್ಯಾಡ. ದಣೇರು ಹ್ಞೂ ಅಂದ್ರ ನಂದೇನೂ ಇಲ್ಲ."

ದಣಿಗಳ ಪೇಢಿ, ಅಂದರೆ ದೊಡ್ಡ ಕಚೇರಿ, ಇದ್ದದ್ದು ಬೆಳಗಾವಿಯಲ್ಲಿ. ಭಾನುವಾರ ಧನ್ಯಕುಮಾರ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ರೈಲು ಹತ್ತಿದ.

ಅವಧೂತರಾಯರಿಗೆ ಸುಧಾರಣೆಯೆಂದರೆ ಪಂಚಪ್ರಾಣ. ಮುಂಬಯಿಗೆ ಹೋದಾಗಲೆಲ್ಲ ಒಂದೊಂದು ಹೊಸ ಸಾಮಾನು ತರುವರು. ಪೇಢಿಯಲ್ಲಿ ಟೈಪು ಹೊಡೆಯುವ ಯಂತ್ರವಿತ್ತು. ಧೂಳು ಕೂತೀತೆಂದು ಅದಕ್ಕೆ ಅಂಗಿ ಹೊಲಿಸಿದ್ದರು. ತಿರುಗುವ ಕುರ್ಚಿಯಿತ್ತು, ತಿರುಗಿ ಯಾರಾದರೂ ಬಿದ್ದಾರೆಂದು ಅದನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿಹಾಕಿದ್ದರು. ಸ್ವತಃ ರಾಯರು ಗಾದಿಯ ಮೇಲೆ ಕೂತಿದ್ದರು.

"ಹಂಜಿ! ನೀ ಹೇಳೂದು ಶಂಭರ್ ಟಕ್ಕೆ, ನೂರಕ್ಕ ನೂರು ಖರೇ ಅದ," ಎಂದರು ಅರಿಕೆ ಕೇಳಿ. "ನಮ್ಮ ಜನಕ್ಕ ಹೊಸಾದು ಅಂದ್ರ ಹೆದರಿಕಿ. ಯಾಕ? ಕೇಳು, ಹೇಳ್ತೀನಿ."

ಧನ್ಯಕುಮಾರ ಕೇಳಿದ. ರಾಯರು ಇಂಗ್ಲೆಂಡಿನಿಂದ ಹೊರಟು, ಜಪಾನಿನಲ್ಲಿ ಬಹಳ ಹೊತ್ತು ನಿಂತು, ಹುಬ್ಬಳ್ಳಿಗೆ ಬರುವಷ್ಟರಲ್ಲಿ ಅವನ ಕಾಲು ಜೋಮು ಹಿಡಿದಿತ್ತು. ಕಿಟಕಿಯಾಚೆ ಹಗಲು ಇಳಿಯತೊಡಗಿತು.

"ಹಂಗಾದ್ರ ದಣೇರ, ಗಡಿಯಾರಕ್ಕ ಕೀಲಿ..."

"ಅವಶ್ಯ ಕೊಡ್ರಿ! ನನ್ನದು ಪೂರಾ ಸಂಮತಿ ಅದ." ರಾಯರು ದನಿ ತಗ್ಗಿಸಿದರು. "ಪಂತರನ್ನ ಅಷ್ಟು ಒಂದು ಮಾತು ಕೇಳು. ಅವರು ಹ್ಞೂ ಅಂದ್ರ ನಂದೇನೂ ಇಲ್ಲ."

ಮರಳುವ ರೈಲಿನಲ್ಲಿ ಧನ್ಯಕುಮಾರ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ದೇಸೂರ ದಾಟಿದ ಮೇಲೆ ಮಳೆ ಬಡಿಯಿತು. ಜನ ದಡದಡನೆ ಕಿಟಕಿಯ ಹಲಗೆಗಳನ್ನು ಇಳಿಸಿದರು. ರೈಲಿನ ಡಬ್ಬಿಯೆಲ್ಲ ಕತ್ತಲಾಯಿತು. ಎದುರಿಗೆ ಕೂತಿದ್ದ ಮುದುಕಿಯೊಬ್ಬಳು ಆಕಳಿಸಿ, "ದೀಪಾ ಹಚ್ಚೂ ಹೊತ್ತಾತು ನೋಡು, ಶಿವಶಿವಾ," ಎಂದು ಕತ್ತಲೆಗೇ ಕೈಮುಗಿದು, ಗಂಟಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಹಲಗೆಯ ಸಂದಿನಿಂದ ಹೊರಗೆ ಇಣುಕಿದರೆ ಇನ್ನೂ ಹಗಲು.

ಧನ್ಯಕುಮಾರ ಮುದುಕಿಯನ್ನು ನೋಡಿದ. ಹಲಗೆಯನ್ನು ನೋಡಿದ. ದೊಡ್ಡ ದೊಡ್ಡ ಶೋಧಗಳೆಲ್ಲ ಹೀಗೇ ಹುಟ್ಟಿರಬೇಕು. ಆದರೆ ಅವನ್ನು ಶೋಧಿಸಿದವರಲ್ಲಿ ಯಾರೂ ಇಷ್ಟು ಹಸಿದಿರಲಾರರು.

ಮರುದಿನ ಅವನು ಗಡಿಯಾರದ ಹೆಸರೇ ಎತ್ತಲಿಲ್ಲ. "ಪಂತರ, ಪಡುವಣ ಕಿಟಕಿಯಿಂದ ಇರಚಲು ಬಡದು ಕಾಗದಪತ್ರ ತೊಯ್ಯಾಕತ್ತಾವ್ರಿ. ನಿಮ್ಮ ಮೊಣಕಾಲಿಗೂ ಥಂಡಿ ಚಲೋ ಅಲ್ಲ. ಒಂದು ತಟ್ಟಿ ಕಟ್ಟಿಸಲೇನ್ರಿ?"

ಖಾನಾಪುರದಲ್ಲಿ ಮಳೆಗಾಲಕ್ಕೆ ಬಿದಿರಿನ ತಟ್ಟಿ ಕಟ್ಟುವುದು ಹೊಸದಲ್ಲ. ಮೊಣಕಾಲಿನ ಮಾತು ಬಂದದ್ದರಿಂದ ಪಂತರು ಕರಗಿದರು. "ಕಟ್ಟಿಸು. ಹಿರ್ಯಾರ ಕಾಳಜಿ ಇರಬೇಕು ಹಿಂಗ."

ತಟ್ಟಿ ಬಂತು. ಅದಕ್ಕೆ ಸೋಗೆ ಹೊದಿಸಲಾಯಿತು. ಧನ್ಯಕುಮಾರ ಅದನ್ನು ಮೊದಲ ದಿನ ಕಿಟಕಿಯ ಅರ್ಧಕ್ಕೆ ಇಳಿಸಿದ. ಸಂಜೆಗೆ ಇನ್ನೂ ಬಹಳ ಹೊತ್ತಿರುವಾಗಲೇ ಪಂತರು ಕಾಗದವನ್ನು ಮೂಗಿಗೆ ಹತ್ತಿಸಿಕೊಂಡು ನೋಡಿದರು, ಚಷ್ಮಾ ಒರೆಸಿದರು, ಮತ್ತೆ ನೋಡಿದರು. ಪಂಢರಪುರದಿಂದ ಹೊಳ್ಳಿ ಬರುವ ಕಥೆ ಮೀರಜದಲ್ಲಿಯೇ ನಿಂತಿತು.

"ಸಂಗವ್ವಾ! ದೀಪಾ ತಾರವ್ವಾ!"

"ಇಷ್ಟ ಲಗೂನ್ರಿ?" ಎಂದು ಹೊರಗಿನಿಂದ ಸಂಗವ್ವ.

"ಕಣ್ಣು ನಂದೋ ನಿಂದೋ?"

ಕಂದೀಲು ಬಂತು. ಎಲ್ಲರೂ ಕೈಮುಗಿದರು. ಆ ದಿನ ಧನ್ಯಕುಮಾರ ಮುಗಿದಷ್ಟು ಭಕ್ತಿಯಿಂದ ಆ ಕಂದೀಲಿಗೆ ಯಾರೂ ಕೈಮುಗಿದಿರಲಿಕ್ಕಿಲ್ಲ. ಮನೆಗೆ ಹೋದರೆ ಒಲೆಯ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಹೆಂಡತಿ ರಾಜಮತಿ ಹೆಸರುಬೇಳೆಯ ಪಲ್ಯಕ್ಕೆ ತುಪ್ಪ ಬಿಡುತ್ತ, "ಇವತ್ತೇನು ವಖಾರ ಸುಟ್ಟಿತೇನ್ರಿ?" ಎಂದಳು. ಅವನು ಇನ್ನೊಂದು ರೊಟ್ಟಿಗೆ ಕೈ ಚಾಚಿದ. ಬಾಯಿ ತುಂಬಿತ್ತು.

ವಖಾರಕ್ಕೆ ಇದರಿಂದ ನಷ್ಟವಾಗಲಿಲ್ಲ. ದೀಪ ಬೇಗ ಬರುತ್ತದೆಂದು ತಿಳಿದ ಗಾಡಿಯವರು ಗಾಡಿ ಬೇಗ ಹೂಡಿದರು. ಸ್ಟೇಶನ್ನಿನ ವ್ಯಾಗನ್ನುಗಳು ಹೊತ್ತಿಗೆ ಮೊದಲೇ ತುಂಬಿದವು. ಕಡಿಮೆಯಾದದ್ದು ಪಂಢರಪುರ ಮಾತ್ರ. ನಾಲ್ಕು ದಿನ ಧನ್ಯಕುಮಾರ ಹೊಟ್ಟೆ ತುಂಬ ಉಂಡ. ಐದನೆಯ ದಿನ ಕೆಟ್ಟಿತು.

ಏಕೆಂದರೆ ಅಂದು ಮೋಡ ದಟ್ಟವಾಗಿ ಕವಿಯಿತು, ಆಮೇಲೆ ಆ ಆಷಾಢದಲ್ಲಿ ಖಾನಾಪುರದವರು ಸೂರ್ಯನನ್ನು ಕಾಣಲಿಲ್ಲ. ಮೋಡ ಒಮ್ಮೆ ಕವುಚಿಕೊಂಡರೆ ಮಧ್ಯಾಹ್ನಕ್ಕೂ ಸಂಜೆಗೂ ಒಂದೇ ಬೂದಿ ಬಣ್ಣ. ಅಂಥ ದಿನಗಳಲ್ಲಿ ವಖಾರದ ಎದುರಿನ ಕಿರಾಣಿ ಅಂಗಡಿಯ ಈರಣ್ಣ, ವಖಾರದ ಕಂದೀಲು ಕಂಡಾಗ ತನ್ನ ದೀಪ ಹಚ್ಚುವನು. ಈರಣ್ಣನ ದೀಪ ಕಂಡು ಪೇಟೆಯೆಲ್ಲ ಹಚ್ಚುವುದು. ಪೇಟೆಯ ದೀಪ ಕಂಡು ಮಠದ ಚನ್ನಬಸಯ್ಯ ಸಂಜೆಯ ಗಂಟೆ ಬಾರಿಸುವನು. ಆ ಗಂಟೆ ಕೇಳಿ ಓಣಿಯ ಜೈನರ ಮನೆಗಳಲ್ಲಿ ಅಡಿಗೆಯ ಪಾತ್ರೆಗಳ ಮೇಲೆ ಮುಚ್ಚಳ ಬೀಳುವುದು.

ಐದನೆಯ ದಿನ ಧನ್ಯಕುಮಾರ ಕೈಕಾಲು ತೊಳೆದು ಬರುವಷ್ಟರಲ್ಲಿ ಢಣ್ ಎಂದಿತು.

ಸುಂದರಾಬಾಯಿ ಅನ್ನದ ಗಡಿಗೆಗೆ ಮುಚ್ಚಳ ಹಾಕಿದರು. "ಗಂಟಿ ಆತಪಾ. ಒಂದೀಟು ಲಗೂ ಬರಬಾರದ?"

"ಅವ್ವಾ, ಇನ್ನೂ ಹಗಲೈತಿ!"

"ಮುಗಲಾಗ ಸೂರ್ಯಾನ್ನ ತೋರಸು, ಉಣ್ಣು."

ಮುಗಿಲಿನಲ್ಲಿ ಸೂರ್ಯನೊಬ್ಬನ ಹೊರತು ಉಳಿದದ್ದೆಲ್ಲ ಇತ್ತು. ಅದು ವಖಾರದ ಕಂದೀಲಿನ ಆಟ, ಆಟ ಹೂಡಿದವನು ತಾನೇ ಎಂದು ಹೇಳೋಣವೆಂದರೆ ತಾಯಿ ಓಣಿಗೆಲ್ಲ ಹೇಳುವರು, ಓಣಿ ಪಂತರಿಗೆ ಹೇಳುವುದು, ನೌಕರಿ ಹೋಗುವುದು. ನೌಕರಿ ಹೋದ ಮೇಲೆ ಹೊತ್ತಿಗೆ ಸರಿಯಾಗಿ ಮನೆಗೆ ಬಂದು ಉಣ್ಣುವುದಾದರೂ ಏನನ್ನು?

ಧನ್ಯಕುಮಾರ ಬುದ್ಧಿ ಓಡಿಸಿದ. ಮರುದಿನ ತಟ್ಟಿಯನ್ನು ಇನ್ನೊಂದು ಗೇಣು ಇಳಿಸಿದ. ಕಂದೀಲು ಇನ್ನೂ ಬೇಗ ಬಂತು. ಅವನು ಹಾದಿಯಲ್ಲಿ ಅರ್ಧ ಓಡಿದ. ಈರಣ್ಣನೂ ಬೇಗ ಹಚ್ಚಿದ, ಚನ್ನಬಸಯ್ಯನೂ ಬೇಗ ಬಾರಿಸಿದ. ಮುಚ್ಚಳ ಬಿತ್ತು. ಅದರ ಮರುದಿನ ಇನ್ನೊಂದು ಗೇಣು. ಮತ್ತೆ ಮುಚ್ಚಳ. ಹೀಗೆ ಒಬ್ಬ ಕಾರಕೂನ ತನ್ನ ಊಟದ ಬೆನ್ನು ಹತ್ತಿ ಇಡೀ ಊರಿನ ಸಂಜೆಯನ್ನು ಮಧ್ಯಾಹ್ನದ ಕಡೆಗೆ ಅಟ್ಟಿಕೊಂಡು ಹೋದ.

ಊರಿಗೆ ಇದೇನೂ ತಿಳಿಯಲಿಲ್ಲ. ಊರಿಗೆ ತಿಳಿದದ್ದು ಇಷ್ಟೇ: ಈ ವರ್ಷ ಉಳಿದದ್ದೆಲ್ಲ ತಡವಾಗುತ್ತಿದೆ. ಸಂಜೆಯ ರೈಲು ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಬರತೊಡಗಿತು.

"ರೇಲ್ವೆ ಕೆಟ್ಟು ಕೆರಾ ಹಿಡೀತು ನೋಡ್ರಿ," ಎಂದ ಈರಣ್ಣ. "ಸಾಯೇಬ್ರು ಸಂಬಳಾ ಕೊಡವಲ್ರೋ ಏನೋ."

ಸ್ಟೇಶನ್ ಮಾಸ್ತರರು ತಮ್ಮ ಗಡಿಯಾರ ತೋರಿಸಿ ರೈಲು ಹೊತ್ತಿಗೆ ಸರಿಯಾಗಿ ಬಂದಿದೆ ಎಂದು ಪರಿಪರಿಯಾಗಿ ಹೇಳಿದರು. ಸರಕಾರದ ಗಡಿಯಾರವನ್ನು ನಂಬುವ ಕಾಲ ಅದಲ್ಲ. ಅಸಹಕಾರ ಚಳವಳಿ ಆಗಷ್ಟೇ ಆಗಿಹೋಗಿತ್ತು.

ಎಮ್ಮೆಗಳು ಕೂಡ ಮೇವಿನಿಂದ ಗಂಟೆಯಾದ ಮೇಲೆಯೇ ಬರತೊಡಗಿದವು. ಅವಕ್ಕೆ ಸೊಕ್ಕು ಬಂದಿದೆ ಎಂದರು ಕೆಲವರು. ಮೈಯಲ್ಲಿ ಏನೋ ಹೊಕ್ಕಿದೆ ಎಂದು ಹಣೆಗೆ ಬೂದಿ ಹಚ್ಚಿದರು ಕೆಲವರು.

ರಾಜಮತಿ ಮಾತ್ರ ಹಿತ್ತಲಲ್ಲಿ ಹಾಲು ಹಿಂಡುತ್ತ ಗಂಡನನ್ನು ಕೇಳಿದಳು: "ಎಮ್ಮಿ ಯಾವಾಗಿಂದ ಸುಳ್ಳ ಹೇಳಾಕ ಕಲತೂರಿ?"

"ನನಗೇನ ಗೊತ್ತು?"

"ನಿಮಗೇನೂ ಗೊತ್ತಿಲ್ಲ, ಖರೇ. ವಖಾರಕ್ಕ ತಟ್ಟಿ ಕಟ್ಟಿಸಿದಾವ್ರು ಯಾರಂತರಿ? ಸಂಗವ್ವ ಕೇಳಾಕತ್ತಿದ್ದಳು."

ಧನ್ಯಕುಮಾರ ಎಮ್ಮೆಯ ಬೆನ್ನು ಸವರಿದ. ಎಮ್ಮೆ ಬಾಲದಿಂದ ಅವನ ಮುಖಕ್ಕೊಂದು ಕೊಟ್ಟಿತು.

ಇತ್ತ ಸುಂದರಾಬಾಯಿಯ ಸಂತೋಷಕ್ಕೆ ಮಿತಿಯಿರಲಿಲ್ಲ. ಬಸದಿಯಲ್ಲಿ ಕೂತು, "ನನ್ನ ಮಗಾ ಚಾತುರ್ಮಾಸ ಪೂರಾ ಏಕಭುಕ್ತ ಹಿಡದಾನ. ಒಂದ ಊಟ. ಒಂದು ದಿನಾ ಹಸಿವಿ ಅಂದಿಲ್ಲ," ಎಂದು ಹೇಳಿದರು. ಕೇಳಿದ ಹೆಂಗಸರು ತಂತಮ್ಮ ಗಂಡುಮಕ್ಕಳನ್ನು ಬೈದರು. ಧನ್ಯಕುಮಾರನ ಕೋಟು ಅವನ ಮೈಮೇಲೆ ಗೂಟಕ್ಕೆ ಹಾಕಿದ ಹಾಗೆ ಕಾಣತೊಡಗಿತು.

ವ್ಯಾಗನ್ನುಗಳು ಇಷ್ಟು ಬೇಗ ತುಂಬುತ್ತಿರುವ ಸುದ್ದಿ ಬೆಳಗಾವಿಗೆ ಮುಟ್ಟಿ ಅವಧೂತರಾಯರು ಸ್ವತಃ ನೋಡಲು ಹೊರಟರು. ಸಂಜೆಯ ರೈಲಿಗೆ ಇಳಿದರೆ ಊರೆಲ್ಲ ದೀಪ. ಮಠದ ಗಂಟೆ ಆಗಲೇ ಮುಗಿದಿತ್ತು. ಆ ದಿನ ಒಂದು ವ್ಯಾಗನ್ ಹೆಚ್ಚು ತುಂಬಬೇಕಾಗಿದ್ದರಿಂದ ವಖಾರದಲ್ಲಿ ಮಾತ್ರ ಜನ ಇನ್ನೂ ಇದ್ದರು; ಹೊರಗೆ ಗಾಡಿಗಳ ಹತ್ತಿರ ಇಟ್ಟಿದ್ದ ಕಂದೀಲು ಆಗಷ್ಟೇ ಒಳಗೆ ಬಂದಿತ್ತು. ರಾಯರು ಹೊಸ್ತಿಲು ತುಳಿಯುವುದಕ್ಕೂ ಎಲ್ಲರೂ ಕಂದೀಲಿಗೆ ಕೈಮುಗಿದು ನಿಲ್ಲುವುದಕ್ಕೂ ಸರಿಹೋಯಿತು. ರಾಯರೂ ರೂಢಿಯ ಪ್ರಕಾರ ಕೈಮುಗಿದರು. ಆಮೇಲೆ ಜೇಬಿನಿಂದ ಗಡಿಯಾರ ತೆಗೆದರು, ಕಿವಿಗೆ ಹಚ್ಚಿಕೊಂಡರು, ಕೊಡವಿದರು.

"ಪಂತರ, ಎಷ್ಟಾತ್ರಿ?"

"ದೀಪಾ ಹಚ್ಚೂ ಹೊತ್ತು, ದಣೇರ."

"ಮುಂಬಯಿ ಅಂಗಡ್ಯಾಂವ ಮೋಸಾ ಮಾಡ್ಯಾನ ನೋಡ್ರಿ. ಇದು ಇನ್ನೂ ಐದರ ಮ್ಯಾಲ ನಿಂತದ." ರಾಯರು ಕೀಲಿ ತಿರುವಿ ಮುಳ್ಳನ್ನು ಏಳಕ್ಕೆ ತಂದರು. ಧನ್ಯಕುಮಾರ ಉಗುಳು ನುಂಗಿದ. ಅದೂ ಹೊಟ್ಟೆಗೆ ಸ್ವಲ್ಪ ಆಧಾರವೆನಿಸಿತು.

ಆಗ ಮೋಡ ಹರಿಯಿತು.

ವಾರಗಟ್ಟಲೆ ಮುಖ ತೋರಿಸದಿದ್ದ ಸೂರ್ಯ ಪಡುವಣದಲ್ಲಿ, ಮುಳುಗಲು ಯಾವ ಅವಸರವೂ ಇಲ್ಲದೆ, ಮಾವಿನ ಮರದ ಮೇಲೆ ಹೊಳೆಯುತ್ತ ನಿಂತಿದ್ದ. ತಟ್ಟಿಯ ಸಂದುಗಳಿಂದ ಬಿಸಿಲಿನ ಕೋಲುಗಳು ಒಳಗೆ ಚಾಚಿ, ಒಂದು ಪಂತರ ಮೂಗಿನ ಮೇಲೆ, ಒಂದು ಕಂದೀಲಿನ ಮೇಲೆ ಬಿತ್ತು. ಹೊರಗೆ ಈರಣ್ಣ ಕೈಯಲ್ಲಿ ದೀಪ ಹಿಡಿದು ರಸ್ತೆಯ ನಡುವೆ ಬಾಯಿ ತೆರೆದು ನಿಂತಿದ್ದ. ಚನ್ನಬಸಯ್ಯ ಮಠದಿಂದ ಓಡಿಬಂದು ಮುಗಿಲು ನೋಡಿದ.

"ಮುಳುಗಿದಾಂವ ಹೊಳ್ಳಿ ಬಂದಾನಲ್ಲೋ ಈರಣ್ಣಾ! ಈಗ ನಾ ಏನು, ಮತ್ತೊಮ್ಮೆ ಬಾರಸ್ಲ್ಯಾ?"

"ನನ್ನ ಏನ ಕೇಳ್ತಿ? ವಖಾರದಾವ್ರನ್ನ ಕೇಳು. ಅವ್ರ ದೀಪಾ ನೋಡೇ ನಾ ಹಚ್ಚಿದ್ನಿ!"

ಸಂಗವ್ವ ಹೋಗಿ ತಟ್ಟಿ ಎತ್ತಿದಳು. ಕಚೇರಿ ಬೆಳಗಿತು. ಪಂತರು ತಟ್ಟಿಯನ್ನು ನೋಡಿ, ಸೂರ್ಯನನ್ನು ನೋಡಿ, ಕೊನೆಗೆ ಧನ್ಯಕುಮಾರನನ್ನು ನೋಡಿದರು.

"ದಣೇರ, ನಂದೇನೂ ತಪ್ಪಿಲ್ಲ! ಇದು ಈ ಧನ್ಯಾನ ತಟ್ಟಿ. ಮೊಣಕಾಲು ಮೊಣಕಾಲು ಅಂತ ಹೇಳಿ ನನ್ನ ಕಣ್ಣಿಗೆ ಮಣ್ಣೆರಚ್ಯಾನ!"

ಧನ್ಯಕುಮಾರನ ಎದೆ ಗೋಡೆಯ ಗಡಿಯಾರದ ಹಾಗೆ ನಿಂತಿತು. ಅವಧೂತರಾಯರು ತುಂಬಿದ ವ್ಯಾಗನ್ನುಗಳತ್ತ ನೋಡಿದರು. ಮಾವಿನ ಮರದ ಮೇಲಿನ ಸೂರ್ಯನತ್ತ ನೋಡಿದರು. ಅವರ ಮುಖದ ಮೇಲೆ ನಿಧಾನವಾಗಿ ಜಪಾನು ಮೂಡಿತು.

"ಅಂದ್ರ, ಇಷ್ಟು ಕೆಲಸ ಆಗಿ ಇನ್ನೂ ಹಗಲು ಉಳದದ?"

ರಾಯರು ಕೈ ತಟ್ಟಿದರು.

"ಸುಧಾರಣಾ! ಇದಕ್ಕಽ ಸುಧಾರಣಾ ಅನ್ನೂದು! ಹಂಜಿ, ಶಾಬಾಸ್!"

"ತಟ್ಟಿಗೆ ಪರವಾನಗಿ ಕೊಟ್ಟಾಂವ ನಾನಽ, ದಣೇರ," ಎಂದರು ಪಂತರು. "ಮೊಣಕಾಲು ಸೈತ ನಂದು."

ನೌಕರಿ ಉಳಿಯಿತು. ಧನ್ಯಕುಮಾರ ಅದರ ಸಂತೋಷವನ್ನು ಆಮೇಲಿನ ಬಿಡುವಿಗೆ ಬಿಟ್ಟು ಮನೆಗೆ ಓಡಿದ. ಸುಂದರಾಬಾಯಿ ಬಾಗಿಲಲ್ಲಿ ಸೂರ್ಯನಿಗೆ ಕೈ ಅಡ್ಡ ಹಿಡಿದು ನಿಂತಿದ್ದರು.

"ಏ ಧನ್ಯಾ, ಸೂರ್ಯ ಅದಾನೋ! ಹೌದಲ್ಲೋ? ಕುಂದರು, ಲಗೂ ಕುಂದರು. ರಾಜಮತೀ, ತಾಟ ಹಚ್ಚವಾ!"

ತಾಟು ಬಂತು. ಬಿಸಿ ಅನ್ನ, ಬೇಳೆ, ನಡುವೆ ತುಪ್ಪದ ಕುಳಿ. ಧನ್ಯಕುಮಾರ ಮೊದಲ ತುತ್ತು ಕಲಸಿದ. ಬಾಗಿಲಲ್ಲಿ ಕೆಮ್ಮು ಕೇಳಿಸಿತು.

"ಹಂಜಿ ಇದ್ದಾರೇನು? ಇಂಥಾ ಸುಧಾರಕನ ಮನೀ ನೋಡದಽ ಹ್ಯಾಂಗ ಹೋಗೂದು!"

ಅವಧೂತರಾಯರು, ಹಿಂದೆ ಪಂತರು. ದಣಿಗಳು ನಿಂತಿರುವಾಗ ಕಾರಕೂನ ಉಣ್ಣುತ್ತ ಕೂಡುವುದುಂಟೆ? ಧನ್ಯಕುಮಾರ ಕೈ ತೊಳೆದು ಎದ್ದು ನಿಂತ. ಚಾಪೆ ಹಾಸಿದರು. ರಾಯರು ಕೂತರು.

"ಹೊಸಾದಕ್ಕ ಅಡ್ಡ ಬರೂದು ಏನು, ಹಂಜಿ? ಜನರ ರೂಢಿ. ಇಂಗ್ಲಂಡದಾಗ..."

ಧನ್ಯಕುಮಾರ ತಲೆಯಾಡಿಸಿದ. ಕಿಟಕಿಯಲ್ಲಿ ಸೂರ್ಯ ಎದುರು ಮನೆಯ ಮಾಡಿನ ಕಡೆಗೆ ಇಳಿದ. ರಾಯರು ಜಪಾನಿಗೆ ಬಂದರು. ಸೂರ್ಯ ಮಾಡಿನ ಹಂಚಿಗೆ ತಾಗಿದ. ತಾಟಿನ ಅನ್ನದಿಂದ ಹಬೆ ನಿಂತಿತು. ರಾಯರು ಜಪಾನಿನ ಎರಡನೆಯ ಊರಿಗೆ ಹೋದರು.

ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದ ರಾಜಮತಿ ಹೊರಬಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಮೆಲ್ಲಗೆ ಪಡುವಣ ಕಿಟಕಿಯ ಕದ ಮುಚ್ಚಿದಳು. ಆಮೇಲೆ ಬೀದಿಬಾಗಿಲನ್ನು ಮುಂದಕ್ಕೆಳೆದಳು. ಪಡಸಾಲೆ ಕತ್ತಲಾಯಿತು.

"ಇರಚಲು ಬಡೀತೈತ್ರಿ," ಎಂದಳು ಯಾರಿಗೂ ಅಲ್ಲದ ಹಾಗೆ. ಹೊರಗೆ ಒಂದು ಹನಿ ಮಳೆಯಿರಲಿಲ್ಲ.

"...ಅಡಚಣಿ ಅನ್ನೂವು, ಹಂಜಿ, ನಮ್ಮ ಮನಸಿನಾಗ..." ಎನ್ನುತ್ತಿದ್ದರು ರಾಯರು.

ರಾಜಮತಿ ಹಚ್ಚಿದ ದೀಪ ತಂದು ಗೂಡಿನಲ್ಲಿಟ್ಟಳು.

ರಾಯರ ಮಾತು ನಡುವೆಯೇ ನಿಂತಿತು. ಅವರೊಳಗಿನ ಅಜ್ಜ ಎದ್ದ, ಅಪ್ಪ ಎದ್ದ, ಅವರೂ ಎದ್ದರು. ದೀಪಕ್ಕೆ ಕೈಮುಗಿದರು. "ರಾಮ ರಾಮ, ಹಂಜಿ," ಎಂದರು. ಪಂತರೂ ಎಂದರು. ಚಪ್ಪಲಿಯ ಸಪ್ಪಳ ಅಂಗಳ ದಾಟುವವರೆಗೆ ರಾಜಮತಿ ತಲೆ ತಗ್ಗಿಸಿ ನಿಂತಳು. ಆಮೇಲೆ ಸೆರಗಿನ ಗಾಳಿಯಿಂದ ದೀಪವನ್ನು ಶಾಂತ ಮಾಡಿ, ಕಿಟಕಿಯ ಕದ ತೆರೆದಳು. ಕೆಂಪು ಬಿಸಿಲು ನೇರವಾಗಿ ತಾಟಿನ ಮೇಲೆ ಬಿತ್ತು.

ಸುಂದರಾಬಾಯಿ ಆರಿದ ದೀಪವನ್ನು ನೋಡಿದರು, ಬಿಸಿಲನ್ನು ನೋಡಿದರು, ಸೊಸೆಯನ್ನು ಬಹಳ ಹೊತ್ತು ನೋಡಿದರು.

"ಲಗೂ ಉಣ್ರಿ," ಎಂದಳು ರಾಜಮತಿ ಗಂಡನಿಗೆ. "ಆ ಸೂರ್ಯಾ ನಿಮ್ಮ ತಟ್ಟಿ ಮಾತು ಕೇಳಂಗಿಲ್ಲ."

ಧನ್ಯಕುಮಾರ ತುತ್ತು ಎತ್ತಿದ. ಸರಿಯಾಗಿ ಆಗಲೇ, ಎರಡನೆಯ ಸಲ ಬಾರಿಸುವುದೇ ಲೇಸೆಂದು ನಿಶ್ಚಯಿಸಿದ ಚನ್ನಬಸಯ್ಯ ಗಂಟೆ ಹೊಡೆದ. ಢಣ್. ಧನ್ಯಕುಮಾರನ ಕೈ ಬಾಯಿಯ ಹತ್ತಿರ ನಿಂತಿತು. ಅವನು ತಾಯಿಯ ಮುಖ ನೋಡಿದ. ತಾಯಿಯ ಕೈ ಮುಚ್ಚಳದ ಮೇಲಿತ್ತು.

ಸುಂದರಾಬಾಯಿ ಮುಚ್ಚಳ ತೆಗೆದು ಇನ್ನೊಂದು ಹುಟ್ಟು ಅನ್ನ ಬಡಿಸಿದರು.

"ಉಣ್ಣೋ ಮಾರಾಯಾ," ಎಂದರು. "ಅಂವಗೇನು ಗೊತ್ತು, ಮಠದ ಅಯ್ಯಾಗ. ದೀಪಾ ನೋಡಿ ಬಾರಸ್ತಾನ."